ಹಳೇ ಪೇಜ್‌ಮೇಕರ್, ಹೊಸ ವಿಂಡೋಸ್: ನಾಲ್ಕು ದಾರಿ ನಡೆದು ನೋಡಿದ್ದು

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಟಿಪಿ, ಅಂದ್ರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಮಾಡುವವರಿಗೆ ಇದು ಸಣ್ಣ ಸುದ್ದಿಯಲ್ಲ. 2001ರಲ್ಲಿ ಬಂದ ಪೇಜ್‌ಮೇಕರ್ 7 ಎಂಬ ಪುಟ ಕಟ್ಟುವ ತಂತ್ರಾಂಶವನ್ನು ಈಗಲೂ ಯಾರಪ್ಪಾ ಬಳಸುತ್ತಾರೆ ಅಂತ ಹೊರಗಿನವರು ಕೇಳಬಹುದು. ನಮ್ಮಲ್ಲಿ ಬಳಸುತ್ತಾರೆ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ, ಚಿಕ್ಕ ಪ್ರಕಾಶಕರ ಕಥೆ ಕವನದ ಪುಸ್ತಕ, ಎಷ್ಟೋ ವರ್ಷ ಇವೆಲ್ಲ ಅದರಲ್ಲೇ ಕಟ್ಟಿದ್ದು. ನನ್ನ ಹಾರ್ಡ್‌ಡಿಸ್ಕ್ ತುಂಬಾ ಅವೇ ಫೈಲುಗಳು. ಮರುಮುದ್ರಣಕ್ಕೆ ಜನ ಬರುತ್ತಲೇ ಇರುತ್ತಾರೆ. ಅದಕ್ಕೇ ವಿಂಡೋಸ್ 11 ಬಂದ ಮೇಲೆ ಆ ಫೈಲುಗಳನ್ನು ಬಳಸಲು ಇರುವ ನಾಲ್ಕು ದಾರಿಗಳನ್ನೂ ಮಾಡಿ ನೋಡಿದೆ.

ಮೊದಲಿಗೆ, ಕೈಕೊಟ್ಟಿದ್ದು ಯಾವುದು ಅಂತ ಸರಿಯಾಗಿ ಗುರುತಿಸಬೇಕು. ಇಲ್ಲಿ ಮೂರು ಬೇರೆ ಬೇರೆ ಸಾಮಾನುಗಳಿವೆ: ಪೇಜ್‌ಮೇಕರ್, ಫಾಂಟು, ಕನ್ನಡ ಟೈಪ್ ಮಾಡಿಸುವ ಕೀಬೋರ್ಡ್ ತಂತ್ರಾಂಶ. ಫಾಂಟಿಗೆ ಏನೂ ಆಗುವುದಿಲ್ಲ. ಹಳೇ ಟಿಟಿಎಫ್ ಫೈಲು ಹೊಸ ವಿಂಡೋಸ್‌ನಲ್ಲೂ ಹಾಗೇ ಕೂರುತ್ತದೆ. ಪೇಜ್‌ಮೇಕರ್ 32 ಬಿಟ್ ಪ್ರೋಗ್ರಾಂ, ಸ್ವಲ್ಪ ಓಲೈಸಿದರೆ ಏಳುತ್ತದೆ. ತೊಂದರೆ ಬರುವುದು ಮೂರನೆಯದರಲ್ಲಿ, ಅದರಲ್ಲೂ ಲಾಕ್ (ನಕಲು ತಡೆಯಲು ಕಂಪನಿ ಕೊಡುವ, ಕಂಪ್ಯೂಟರಿಗೆ ಸಿಕ್ಕಿಸುವ ಚಿಕ್ಕ ಸಾಧನ) ಸಿಕ್ಕಿಸಿ ನಡೆಸುವಂಥದ್ದರಲ್ಲಿ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅದು 32 ಬಿಟ್ ಪ್ರೋಗ್ರಾಂ ನಡೆಸುತ್ತದೆ, ಆದರೆ 32 ಬಿಟ್ ಡ್ರೈವರನ್ನು (ಸಿಕ್ಕಿಸಿದ ಸಾಧನವನ್ನು ವಿಂಡೋಸ್‌ಗೆ ಪರಿಚಯಿಸುವ ಪ್ರೋಗ್ರಾಂ) ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಳೇ ಲಾಕ್‌ನ ಡ್ರೈವರ್ 32 ಬಿಟ್‌ನದು. ಲಾಕ್ ಕಾಣಲಿಲ್ಲ ಅಂದ್ರೆ ಕೀಬೋರ್ಡೂ ಇಲ್ಲ. ಇನ್ನು 16 ಬಿಟ್ ಪ್ರೋಗ್ರಾಂಗಳ ಆಸೆ ಬಿಡಿ, 64 ಬಿಟ್ ವಿಂಡೋಸ್‌ನಲ್ಲಿ ಅವು ಶುರುವೇ ಆಗುವುದಿಲ್ಲ.

ಮೊದಲ ದಾರಿ ಕಂಪ್ಯಾಟಿಬಿಲಿಟಿ ಮೋಡ್. ಖರ್ಚಿಲ್ಲ. ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ವಿಂಡೋಸ್ ಎಕ್ಸ್‌ಪಿ ಆರಿಸಿ, ಅಡ್ಮಿನಿಸ್ಟ್ರೇಟರ್ ಆಗಿ ನಡೆಸು ಅನ್ನುವುದಕ್ಕೂ ಟಿಕ್ ಹಾಕಬೇಕು. ನನ್ನ ಅನುಭವದಲ್ಲಿ ಈ ಎರಡನೇ ಟಿಕ್ಕೇ ಮುಖ್ಯ. ಆ ಕಾಲದ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್‌ಗಳನ್ನು ತಮ್ಮ ಫೋಲ್ಡರ್ ಒಳಗೇ ಬರೆದುಕೊಳ್ಳುತ್ತಿದ್ದವು. ವಿಸ್ಟಾ ಬಂದಾಗಿನಿಂದ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಗೆ ಬರೆಯಲು ಸುಮ್ನೆ ಅನುಮತಿ ಸಿಗುವುದಿಲ್ಲ. ಅದಕ್ಕೇ ನಾನು ಪೇಜ್‌ಮೇಕರನ್ನು ಸಿ ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಮಾಡಿ ಹಾಕಿದೆ. ಎದ್ದಿತು, ಫೈಲು ತೆರೆಯಿತು, ಪಿಡಿಎಫ್ ಕೂಡ ಬಂತು. ಪಿಡಿಎಫ್‌ಗೆ ಒಂದು ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರ್ ಸೆಟ್ ಮಾಡಿರಬೇಕು, ಅಷ್ಟೇ.

ಆದರೆ ತಿದ್ದಲು ಹೋದರೆ ಕಷ್ಟ. ಪೇಜ್‌ಮೇಕರಿಗೆ ಯೂನಿಕೋಡ್, ಅಂದ್ರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಈಗಿನ ಪದ್ಧತಿ, ಗೊತ್ತೇ ಇಲ್ಲ. ವಿಂಡೋಸ್‌ನ ಕನ್ನಡ ಕೀಬೋರ್ಡಿನಲ್ಲಿ ಹೊಡೆದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಆಸ್ಕಿ ಮೋಡ್‌ನಲ್ಲಿಟ್ಟು (ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸುವ ಹಳೇ ಪದ್ಧತಿ) ಹೊಡೆದರೆ ನುಡಿ ಫಾಂಟಿನ ಫೈಲುಗಳಿಗೆ ಸರಿ. ಬೇರೆ ಕಂಪನಿಯ ಫಾಂಟಿನಲ್ಲಿ ಕಟ್ಟಿದ್ದಕ್ಕೆ ಆಗುವುದಿಲ್ಲ, ಅಲ್ಲಿ ಅಕ್ಷರಗಳ ಜಾಗವೇ ಬೇರೆ. ಹಾಗಾಗಿ ಈ ದಾರಿ ತೆರೆದು ನೋಡಿ ಪಿಡಿಎಫ್ ತೆಗೆಯಲು ಚೆನ್ನಾಗಿದೆ, ಅದಕ್ಕಿಂತ ಜಾಸ್ತಿ ಏನಿಲ್ಲ.

ಎರಡನೆಯದು ಹಳೇ ಕಂಪ್ಯೂಟರನ್ನೇ ಮೂಲೆಯಲ್ಲಿ ಇಟ್ಟುಕೊಳ್ಳುವುದು. ತುಂಬಾ ಜನ ಇದನ್ನೇ ಮಾಡುತ್ತಾರೆ. ಕೆಲಸ ಮಾತ್ರ ಪರಮ ಸಲೀಸು: ಲಾಕ್ ಇದೆ, ಪ್ರಿಂಟರ್ ಇದೆ, ಬಟರ್ ಪೇಪರ್ ಔಟ್‌ಪುಟ್ ಹಿಂದಿನ ಹಾಗೇ ಬರುತ್ತದೆ. ನೆಟ್ ವೈರ್ ಮಾತ್ರ ಕಿತ್ತಿಡಬೇಕು, ಎಕ್ಸ್‌ಪಿಗೆ 2014ರ ಏಪ್ರಿಲ್‌ನಿಂದ ಬೆಂಬಲ ಇಲ್ಲ. ಆದರೆ ಆ ಕಾಲದ ಮದರ್‌ಬೋರ್ಡ್ ಹೋದರೆ ಅಂಥದ್ದೇ ಇನ್ನೊಂದು ಹುಡುಕಬೇಕು. ನನಗೆ ಇದರ ಮೇಲೆ ನಂಬಿಕೆ ಇಲ್ಲ.

ಮೂರನೆಯದು ವರ್ಚುವಲ್ ಮಷೀನ್, ಮತ್ತು ನಾನು ಈಗ ದಿನಾ ಬಳಸುವುದು ಇದನ್ನೇ. ವರ್ಚುವಲ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ. ಹೊಸ ವಿಂಡೋಸ್ ಒಳಗೇ ಒಂದು ಕಿಟಕಿಯಲ್ಲಿ ಎಕ್ಸ್‌ಪಿ ನಡೆಯುತ್ತದೆ. ಎಕ್ಸ್‌ಪಿಯ ಸಿ.ಡಿ. ಮತ್ತು ಕೀ ನಿಮ್ಮ ಹತ್ತಿರ ಇರಬೇಕು. 1 ಜಿಬಿ ರ‍್ಯಾಮ್ ಕೊಟ್ಟರೆ ಅದಕ್ಕೆ ಧಾರಾಳ. ಒಳಗಿರುವುದು 32 ಬಿಟ್ ವಿಂಡೋಸ್ ಆದ್ದರಿಂದ ಹಳೇ ಡ್ರೈವರಿಗೆ ಯಾವ ತಕರಾರೂ ಇಲ್ಲ. ಯುಎಸ್‌ಬಿ ಲಾಕನ್ನು ಹೊರಗಿನ ವಿಂಡೋಸ್‌ಗೆ ಬಿಡದೆ ನೇರ ಒಳಗಿನ ಎಕ್ಸ್‌ಪಿಗೆ ಕೊಡುವಂತೆ ಯುಎಸ್‌ಬಿ ಸೆಟ್ಟಿಂಗ್‌ನಲ್ಲಿ ಹೇಳಬಹುದು. ನನ್ನ ಲಾಕ್ ಹಾಗೆ ಕಂಡಿತು, ಕೀಬೋರ್ಡ್ ಎದ್ದಿತು, ಹಳೇ ಫೈಲಿನಲ್ಲಿ ಹಳೇ ಫಾಂಟಿನಲ್ಲೇ ತಿದ್ದಿದೆ. ಆ ಸಂತೋಷ ಹೇಳತೀರದು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ದಪ್ಪ ಲಾಕ್ ಇದ್ದವರಿಗೆ ಈ ದಾರಿ ಕಷ್ಟ. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಸಿಗುವುದು ಅಪರೂಪ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಸ್ನ್ಯಾಪ್‌ಶಾಟ್. ಎಲ್ಲ ಸರಿ ಇದ್ದಾಗ ಒಂದು ತೆಗೆದಿಟ್ಟರೆ, ಏನೇ ಹಾಳಾದರೂ ಆ ಸ್ಥಿತಿಗೆ ವಾಪಸ್ ಹೋಗಬಹುದು. ಇಡೀ ಎಕ್ಸ್‌ಪಿ ಒಂದು ಫೋಲ್ಡರ್‌ನಲ್ಲಿರುವುದರಿಂದ ಪೆನ್‌ಡ್ರೈವ್‌ಗೆ ಹಾಕಿ ಬೇರೆ ಕಂಪ್ಯೂಟರಿಗೂ ಒಯ್ಯಬಹುದು. ನೆಟ್‌ವರ್ಕ್ ಅಡಾಪ್ಟರ್ ಮಾತ್ರ ಆಫ್ ಮಾಡಿಡಿ. ಫೈಲುಗಳ ಓಡಾಟಕ್ಕೆ ಒಂದು ಶೇರ್ಡ್ ಫೋಲ್ಡರ್ ಸಾಕು.

ನಾಲ್ಕನೆಯದು ಪಠ್ಯವನ್ನು ಯೂನಿಕೋಡ್‌ಗೆ ಬದಲಾಯಿಸಿ ಹೊಸ ತಂತ್ರಾಂಶದಲ್ಲಿ ಪುಟ ಕಟ್ಟುವುದು. ಶ್ರಮ ಇದರಲ್ಲೇ ಜಾಸ್ತಿ, ಆದರೆ ಪುಸ್ತಕ ನಿಜವಾಗಿ ಉಳಿಯುವುದೂ ಇದರಲ್ಲೇ. ನುಡಿ, ಅಂಥದ್ದೇ ಇನ್ನೊಂದು ತಂತ್ರಾಂಶ ಬರಹ, ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಒತ್ತಿದ ಕೂಡಲೇ ಅಧ್ಯಾಯಗಟ್ಟಲೆ ಪಠ್ಯ ಬದಲಾಗುತ್ತದೆ. ಆಮೇಲೆ ಪ್ರೂಫ್ ನೋಡಬೇಕು, ಬೇರೆ ದಾರಿಯೇ ಇಲ್ಲ.

ಯಾಕೆ ಅಂದ್ರೆ, ಆಸ್ಕಿ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಕೂತಿರುವುದೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಬರೀ ಪಠ್ಯ ಕೊಟ್ಟರೆ ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಅಂತ ಪರಿವರ್ತಕಕ್ಕೆ ಹೇಗೆ ಗೊತ್ತಾಗಬೇಕು ಅಲ್ವಾ? ನಡುವೆ ಬಂದ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ವೈದ್ಯಕೀಯ ಪುಸ್ತಕವೊಂದನ್ನು ಬದಲಾಯಿಸಿದಾಗ ಔಷಧಿಗಳ ಹೆಸರು ಒಂದೂ ಉಳಿಯಲಿಲ್ಲ, ಹಳೇ ಪ್ರತಿ ಪಕ್ಕದಲ್ಲಿಟ್ಟುಕೊಂಡು ಹೊಸದಾಗಿ ಹೊಡೆದೆ. ಇನ್ನು ಅರ್ಕಾವತ್ತು. ಸೂರ್ಯ ಎಂಬಲ್ಲಿ ಹಳೇ ಫಾಂಟು ಯ ಮೊದಲು ಇಟ್ಟು ಆಮೇಲೆ ಅರ್ಕಾವತ್ತು ಇಡುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಇದನ್ನು ಸರಿಯಾಗಿಯೇ ಮಾಡುತ್ತದೆ. ಆದರೆ ರ‍್ಯಾಂಕ್ ಎಂಬ ಪದ ರ್ಯಾಂಕ್ ಆಗಿ ಕೂತಿರುತ್ತದೆ. ರ ಮತ್ತು ಒತ್ತಿನ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಿದರೆ ಮಾತ್ರ ಸರಿಯಾಗುತ್ತದೆ. ಇಂಥ ಪದಗಳನ್ನು ಪಟ್ಟಿ ಮಾಡಿಕೊಂಡು ಹುಡುಕಿ ಬದಲಾಯಿಸುವುದು ಒಳ್ಳೆಯದು.

ಪುಟ ಕಟ್ಟಲು ಇನ್‌ಡಿಸೈನ್ ಇದ್ದರೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಿ, ಇಲ್ಲದಿದ್ದರೆ ಒತ್ತಕ್ಷರ ಬಿಟ್ಟುಕೊಂಡು ನಿಲ್ಲುತ್ತದೆ. ದುಡ್ಡು ಹಾಕಲಾಗದವರಿಗೆ ಉಚಿತವಾದ ಸ್ಕ್ರೈಬಸ್ 1.6 ಇದೆ. 2024ರಲ್ಲಿ ಬಂದ ಈ ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ.

ಹಾಗಾದ್ರೆ ಯಾವುದು? ಸಾಲು ತಿದ್ದದೆ ಹಾಗೇ ಮರುಮುದ್ರಣ ಆಗುವ ಪುಸ್ತಕಕ್ಕೆ ವರ್ಚುವಲ್ ಮಷೀನ್. ಪ್ರತಿ ವರ್ಷ ಪರಿಷ್ಕರಣೆಯಾಗುವ ಪುಸ್ತಕಕ್ಕೆ, ಇ-ಪುಸ್ತಕ ಬೇಕೆನ್ನುವವರಿಗೆ ಯೂನಿಕೋಡ್. ಲಗ್ನಪತ್ರಿಕೆಯನ್ನು ಬದಲಾಯಿಸುತ್ತಾ ಕೂರಬೇಡಿ, ಹೊಸದಾಗಿ ಹೊಡೆಯುವುದೇ ಬೇಗ. ಯಾವ ದಾರಿ ಹಿಡಿದರೂ ಅಪ್‌ಗ್ರೇಡ್ ಮಾಡುವ ಮುಂಚೆ ಒಂದು ಕೆಲಸ ಮುಗಿಸಿಕೊಳ್ಳಿ: ಎಲ್ಲ ಪುಸ್ತಕಗಳ ಪಿಡಿಎಫ್, ಫಾಂಟ್ ಒಳಗೇ ಸೇರಿಸಿ, ಹಳೇ ಯಂತ್ರದಲ್ಲೇ ತೆಗೆದಿಡಿ. ಪರಿವರ್ತನೆ ಆದ ಮೇಲೆ ಪ್ರೂಫ್ ನೋಡುವವರಿಗೆ ಪಕ್ಕದಲ್ಲಿಟ್ಟುಕೊಳ್ಳಲು ಅದೇ ಬೇಕಾಗುವುದು.