ಕಡಲೆಕಾಳು, ಕ್ಲೇ, ಕಿಟ್, ಫೋನು: ಮನೆಯಲ್ಲಿ ಅಣು ಕಟ್ಟಲು ಯಾವುದು ವಾಸಿ?

ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ನೀರಿನ ಅಣು ಬರೆದು ತೋರಿಸಿದಳು. ಹೈಡ್ರೋಜನ್, ಅದರ ಪಕ್ಕ ಇನ್ನೊಂದು ಹೈಡ್ರೋಜನ್, ಕೊನೆಗೆ ಆಕ್ಸಿಜನ್. ಮೂರೂ ಸಾಲಾಗಿ. "ಎಚ್‌ಟುಓ ಅಂದ್ರೆ ಹೀಗೇ ಅಲ್ವಾ ಅಮ್ಮ?" ಸೂತ್ರದಲ್ಲಿ ಹೇಗಿದೆಯೋ ಹಾಗೇ ಬರೆದಿದ್ದಳು, ಪಾಪ. ಸೂತ್ರ ಅಂಗಡಿಗೆ ಒಯ್ಯುವ ಸಾಮಾನಿನ ಚೀಟಿ ಇದ್ದ ಹಾಗೆ. ಏನೇನು, ಎಷ್ಟೆಷ್ಟು ಅಂತ ಹೇಳುತ್ತದೆ. ಯಾವುದು ಯಾವುದಕ್ಕೆ ಅಂಟಿದೆ ಅಂತ ಹೇಳುವುದಿಲ್ಲ.

ಕಟ್ಟಿಯೇ ನೋಡೋಣ ಅಂತ ಕೂತೆವು. ಅಲ್ಲಿಂದ ಹತ್ತನೇ ಕ್ಲಾಸು ಮುಗಿಯುವವರೆಗೆ ನಾಲ್ಕು ಬಗೆ ಪ್ರಯೋಗ ಮಾಡಿದ್ದೇವೆ.

ಮೊದಲು ಅಡುಗೆಮನೆಯ ಡಬ್ಬಿಗಳು. ರಾತ್ರಿ ನೆನೆಸಿದ ಕಾಳು, ಒಂದು ಪ್ಯಾಕೆಟ್ ಟೂತ್‌ಪಿಕ್. ಕಾರ್ಬನ್‌ಗೆ ಕಪ್ಪು ಕಡಲೆ, ಆಕ್ಸಿಜನ್‌ಗೆ ಬಟಾಣಿ, ಹೈಡ್ರೋಜನ್‌ಗೆ ಕಾಬೂಲ್ ಕಡಲೆ. ಎಲ್ಲಕ್ಕಿಂತ ಚಿಕ್ಕ ಪರಮಾಣುವಿಗೆ ಎಲ್ಲಕ್ಕಿಂತ ದಪ್ಪ ಕಾಳು! ಇರಲಿ. ನಿಯಮ ಒಂದೇ: ಹೈಡ್ರೋಜನ್‌ಗೆ 1 ಕಡ್ಡಿ, ಆಕ್ಸಿಜನ್‌ಗೆ 2, ಕಾರ್ಬನ್‌ಗೆ 4. ಅವಳ ಸಾಲು ನೀರು ಐದು ನಿಮಿಷದಲ್ಲಿ ಬಿದ್ದುಹೋಯಿತು. ನಡುವಿನ ಹೈಡ್ರೋಜನ್‌ಗೆ ಎರಡು ಕಡ್ಡಿ ಚುಚ್ಚಬೇಕಾಗುತ್ತದೆ, ಅದು ಆಗದು. ಆಕ್ಸಿಜನ್ ತಾನಾಗಿಯೇ ಮಧ್ಯಕ್ಕೆ ಬಂತು. ವೇಲೆನ್ಸಿ, ಅಂದರೆ ಯಾವ ಪರಮಾಣುವಿಗೆ ಎಷ್ಟು ಕೈ ಅನ್ನುವುದನ್ನು ಕಲಿಸಲು ಇದಕ್ಕಿಂತ ಅಗ್ಗದ, ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಕಾಳು ಒಣಗಿದರೆ ಕಡ್ಡಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಒಣಗಲು ಬಿಡದೆ ಡಬ್ಬಿಗೆ ಹಾಕಿ ಮುಚ್ಚಿದರೆ ಮೂರನೇ ದಿನ ವಾಸನೆ, ಅದೂ ನೋಡಿಯಾಯಿತು.

ಎಡವಿದ್ದು ಮೀಥೇನ್‌ನಲ್ಲಿ, ಅಂದರೆ 1 ಕಾರ್ಬನ್‌ಗೆ 4 ಹೈಡ್ರೋಜನ್. ಕಡಲೆಗೆ ನಾಲ್ಕು ಕಡ್ಡಿ ಚುಚ್ಚಿ ಮೇಜಿನ ಮೇಲೆ ಇಟ್ಟಳು, ಪ್ಲಸ್ ಗುರುತಿನ ಹಾಗೆ ಚಪ್ಪಟೆ. ನಾನು ನಕ್ಕೆ. ಆದರೆ ನಗುವ ಹಾಗಿಲ್ಲ. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಾಫ್‌ಮನ್ ಎಂಬ ದೊಡ್ಡ ರಸಾಯನಶಾಸ್ತ್ರಜ್ಞ ಕ್ರೋಕೆ ಆಟದ ಚೆಂಡುಗಳಿಂದ ಅಣು ಕಟ್ಟಿ ತೋರಿಸಿದ. ಅವನ ಮೀಥೇನ್ ಕೂಡ ಹೀಗೇ ಚಪ್ಪಟೆ. ಕಾರ್ಬನ್ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು ಅನ್ನುವ ಅವನ ಬಣ್ಣಗಳು ಇವತ್ತಿನ ಕಿಟ್‌ಗಳಲ್ಲೂ ಉಳಿದಿವೆ. ಚಪ್ಪಟೆ ಆಕಾರ ಉಳಿಯಲಿಲ್ಲ. 1874ರಲ್ಲಿ 22 ವರ್ಷದ ಡಚ್ ಹುಡುಗ ವ್ಯಾಂಟ್ ಹಾಫ್, ಅದೇ ವರ್ಷ ಬೇರೆಯಾಗಿ ಫ್ರಾನ್ಸಿನ ಲೆ ಬೆಲ್, ಕಾರ್ಬನ್ನಿನ ನಾಲ್ಕು ಕೈಗಳು ಚಪ್ಪಟೆಯಾಗಿ ಅಲ್ಲ, ಮುಕ್ಕಾಲಿಯ ಮೇಲೊಂದು ಕಡ್ಡಿ ನಿಲ್ಲಿಸಿದ ಹಾಗೆ ನಾಲ್ಕು ದಿಕ್ಕಿಗೆ ಚಾಚಿಕೊಂಡಿರುತ್ತವೆ ಅಂದರು. ಕೈಕೈಗಳ ನಡುವೆ 109.5 ಡಿಗ್ರಿ. ಇದನ್ನು ಕಡಲೆಕಾಳಿನಲ್ಲಿ ಅಂದಾಜಿನ ಮೇಲೆ ಚುಚ್ಚಬೇಕು, ಎರಡು ಸಲ ಮಾಡಿದರೆ ಎರಡು ಆಕಾರ ಬರುತ್ತದೆ.

ಕ್ಲೇ ನನಗೆ ಅಷ್ಟು ಹಿಡಿಸಲಿಲ್ಲ. ಕಡ್ಡಿ ವಾಲುತ್ತದೆ, ಬಣ್ಣ ಒಂದಕ್ಕೊಂದು ಹತ್ತಿಕೊಳ್ಳುತ್ತದೆ. ಒಂದು ಕಡೆ ಮಾತ್ರ ಅದೇ ಗೆದ್ದಿತು, ಉಪ್ಪಿನಲ್ಲಿ. ಉಪ್ಪಿಗೆ ಒಂದು ಸೋಡಿಯಂ, ಒಂದು ಕ್ಲೋರಿನ್, ನಡುವೆ ಒಂದು ಕಡ್ಡಿ ಅಂತ ಮಕ್ಕಳು ಮಾಡಿಬಿಡುತ್ತಾರೆ. ಉಪ್ಪಿನ ಹರಳಿನಲ್ಲಿ ಅಂಥ ಜೋಡಿಯೇ ಇಲ್ಲ. ಪ್ರತಿ ಸೋಡಿಯಂ ಸುತ್ತ 6 ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ 6 ಸೋಡಿಯಂ. ಕ್ಲೇ ಉಂಡೆಗಳನ್ನು ಕಡ್ಡಿಯಿಲ್ಲದೆ ಒತ್ತೊತ್ತಾಗಿ ಜೋಡಿಸಿದಾಗ ಅವಳಿಗೆ ಗೊತ್ತಾಯಿತು, ಇಲ್ಲಿ ಸೂತ್ರ ಬರೀ ಲೆಕ್ಕದ ಅನುಪಾತ ಅಂತ.

ಹತ್ತನೇ ಕ್ಲಾಸಿನಲ್ಲಿ ಕಾರ್ಬನ್ ಪಾಠ ಬಂದಾಗ ಪ್ಲಾಸ್ಟಿಕ್ ಕಿಟ್ ತರಿಸಿದೆ, 600 ರೂಪಾಯಿ ಚಿಲ್ಲರೆ. ಬಂದ ಡಬ್ಬಿಯಲ್ಲಿ ನಾಲ್ಕು ಬಿಳಿ ಚೆಂಡು ಕಮ್ಮಿ. ಆದರೂ ಕೊಟ್ಟ ದುಡ್ಡು ದಂಡವಾಗಲಿಲ್ಲ. ಕಡ್ಡಿ ಸಿಕ್ಕಿಸಲು ಚೆಂಡುಗಳಲ್ಲಿರುವ ತೂತುಗಳೇ ಕೋನ ಹೇಳಿಕೊಡುತ್ತವೆ. 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್ ಕೊಟ್ಟು "ಏನಾದ್ರೂ ಕಟ್ಟು" ಅಂದೆ. ಒಂದು ಸಲ ಆಕ್ಸಿಜನ್ ತುದಿಯಲ್ಲಿ ಬಂತು, ಅದು ಸ್ಯಾನಿಟೈಸರ್‌ನಲ್ಲಿರುವ ಎಥನಾಲ್. ಬಿಚ್ಚಿ ಮತ್ತೆ ಕಟ್ಟಿದಾಗ ಎರಡು ಕಾರ್ಬನ್ ನಡುವೆ ಕೂತಿತು, ಅದು ಡೈಮೀಥೈಲ್ ಈಥರ್. ಅವೇ ಒಂಬತ್ತು ಚೆಂಡು. ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ. ಇನ್ನೊಂದು ಮೈನಸ್ 24ಕ್ಕೇ ಕುದಿಯುತ್ತದೆ, ಅಂದರೆ ನಮ್ಮ ಮನೆಯ ಸೆಕೆಗೆ ಅದು ಬರೀ ಅನಿಲ. ಅವಳು ಚೆಂಡುಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು.

ಬ್ಯೂಟೇನ್ ದಿನ ದೊಡ್ಡ ಜಗಳವೇ ಆಯಿತು. 4 ಕಾರ್ಬನ್, 10 ಹೈಡ್ರೋಜನ್‌ಗೆ ಮೂರು ಆಕಾರ ಸಿಕ್ಕಿತು ಅಂತ ಅವಳು, ಎರಡೇ ಅಂತ ನಾನು: ಮೊದಲನೆಯದು ನೇರ ಸರಪಳಿ, ಎರಡನೆಯದು ಕವಲೊಡೆದದ್ದು. ಮೂರನೆಯದು ಸೊಟ್ಟ ಸರಪಳಿ. ನಡುವಿನ ಕಡ್ಡಿ ಹಿಡಿದು ತಿರುಗಿಸು ಅಂದೆ. ತಿರುಗಿಸಿದಳು, ಅದು ಮೊದಲನೆಯದೇ ಆಯಿತು. ಕಾಗದದ ಮೇಲೆ ಈ ಮಾತು ಅರ್ಥ ಮಾಡಿಸುವುದು ಕಷ್ಟ. ಕಾಳಿನಲ್ಲಿ ತಿರುಗಿಸಲು ಹೋದರೆ ಕಡ್ಡಿ ಕಿತ್ತು ಬರುತ್ತದೆ. ಕಿಟ್‌ಗೂ ಸುಳ್ಳು ಇದೆ, ಅನ್ನಿ. ಕಾರ್ಬನ್ ಮೊನಾಕ್ಸೈಡ್ (1 ಕಾರ್ಬನ್, 1 ಆಕ್ಸಿಜನ್) ಕಟ್ಟಲು ಹೋದರೆ ಕಪ್ಪು ಚೆಂಡಿನಲ್ಲಿ ಎರಡು ತೂತು ಖಾಲಿ ಉಳಿಯುತ್ತವೆ. ನೀರು ಕೂಡ 104.5 ಡಿಗ್ರಿ ಇರಬೇಕಾದದ್ದು ಒಂಚೂರು ಹೆಚ್ಚು ತೆರೆದುಕೊಂಡಿರುತ್ತದೆ.

ಫೋನು ಕೊನೆಗೆ. ಫೆಟ್ (PhET) ಅನ್ನುವ ವಿಜ್ಞಾನದ ತಾಣದಲ್ಲಿರುವ ಅಣುವಿನ ಆಕಾರದ ಆಟ, ಅಣುಗಳನ್ನು ತೋರಿಸುವ ಮಾಲ್‌ವ್ಯೂ (MolView) ತಾಣ, ಎರಡೂ ಪುಕ್ಕಟೆ. ಕಾಫಿಯ ಕೆಫೀನ್ ಬೇಕೆಂದಳು: 8 ಕಾರ್ಬನ್, 10 ಹೈಡ್ರೋಜನ್, 4 ನೈಟ್ರೋಜನ್, 2 ಆಕ್ಸಿಜನ್. ನಮ್ಮ ಡಬ್ಬಿಯಲ್ಲಿ ನೈಟ್ರೋಜನ್ ಎರಡೇ. ಮಾಲ್‌ವ್ಯೂನಲ್ಲಿ ಹೆಸರು ಟೈಪ್ ಮಾಡಿದ್ದೇ ತಡ, ಅಣು ತಯಾರ್. ತೊಂದರೆಯೂ ಅಲ್ಲೇ. ಅವಳು ಕಟ್ಟಲಿಲ್ಲ, ಬೆರಳಲ್ಲಿ ತಿರುಗಿಸಿ ನೋಡಿದಳು ಅಷ್ಟೆ. ಮಾರನೇ ದಿನ ಕೇಳಿದರೆ ನೈಟ್ರೋಜನ್ ಎಲ್ಲಿತ್ತು ಅಂತ ನೆನಪಿಲ್ಲ. ಸ್ವಂತ ಕೈಯಲ್ಲಿ ತಪ್ಪು ಕಟ್ಟಿದ ನೀರು ಮಾತ್ರ ಇನ್ನೂ ನೆನಪಿದೆ.

ಹಾಗಾಗಿ ಯಾರಾದರೂ ಕೇಳಿದರೆ ಒಂಬತ್ತನೇ ಕ್ಲಾಸಿಗೆ ಕಡಲೆಕಾಳು ಸಾಕು, ಹತ್ತಕ್ಕೆ ಕಿಟ್ ತನ್ನಿ ಅನ್ನುತ್ತೇನೆ. ಕೊಳ್ಳುವಾಗ ಡಬ್ಬಿಯ ಮೇಲಿನ ಚಿತ್ರ ನೋಡಬೇಡಿ, ಚೆಂಡು ಎಣಿಸಿ. ಒಂದು ಗ್ಲೂಕೋಸ್ ಕಟ್ಟಲು 6 ಕಪ್ಪು, 12 ಬಿಳಿ, 6 ಕೆಂಪು ಬೇಕು. ನಮ್ಮದರಲ್ಲಿ ಕೆಂಪು ನಾಲ್ಕೇ ಇದ್ದವು, ಉಳಿದೆರಡಕ್ಕೆ ಬಟಾಣಿ ಹಾಕಿದೆವು.