ಎಸ್‌ಎಫ್‌ಸಿ, ಡಿಸ್ಮ್, ರಿಪೇರಿ ಇನ್‌ಸ್ಟಾಲ್: ಕೆಟ್ಟ ಸಿಸ್ಟಂ ಫೈಲಿಗೆ ಯಾವುದು ಸರಿ?

ಅಪ್‌ಡೇಟ್ ಅರ್ಧ ಆಗಿತ್ತು, ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದಾಗ ನನ್ನ ವಿಂಡೋಸ್ 11 ಕಂಪ್ಯೂಟರ್ ಎದ್ದಿತು, ಆದರೆ ಸ್ಟಾರ್ಟ್ ಮೆನು ತೆರೆಯುತ್ತಿರಲಿಲ್ಲ. ಸೆಟ್ಟಿಂಗ್ಸ್ ಒಂದು ಕ್ಷಣ ಕಾಣಿಸಿ ಮುಚ್ಚಿಕೊಳ್ಳುತ್ತಿತ್ತು. ಬ್ರೌಸರ್ ಓಡುತ್ತಿತ್ತು, ಫೋಟೋಗಳೆಲ್ಲ ಇದ್ದವು. ಅಂದರೆ ಪೆಟ್ಟು ಬಿದ್ದಿದ್ದು ಸಿಸ್ಟಂ ಫೈಲ್‌ಗಳಿಗೆ. ಎರಡು ದಿನ ಕೂತು ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ. ಅದಕ್ಕೂ ಮೊದಲು ಮಾಡಿದ ಕೆಲಸ ಒಂದೇ: ಬೇಕಾದ ಫೈಲ್‌ಗಳನ್ನೆಲ್ಲ ಹೊರಗಿನ ಡ್ರೈವ್‌ಗೆ ಹಾಕಿಕೊಂಡೆ. ನೀವೂ ಇದನ್ನು ಬಿಡಬೇಡಿ.

ಎಲ್ಲರೂ ಮೊದಲು ಹೇಳುವುದು ಎಸ್‌ಎಫ್‌ಸಿ (sfc), ಅಂದರೆ ಕೆಟ್ಟ ಸಿಸ್ಟಂ ಫೈಲ್ ಹುಡುಕಿ ಸರಿಪಡಿಸುವ ವಿಂಡೋಸ್‌ನದೇ ಕಮಾಂಡ್. ಸ್ಟಾರ್ಟ್ ಮೆನು ಇಲ್ಲದೆ ಕಮಾಂಡ್ ಪ್ರಾಂಪ್ಟ್ ತೆರೆಯುವುದು ಹೇಗೆ ಅಂತ ಕೇಳಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಹೊಸ ಟಾಸ್ಕ್ ಓಡಿಸುವ ಗುಂಡಿ ಇದೆ. ಸಿಎಂಡಿ ಎಂದು ಬರೆದು, ಅಡ್ಮಿನ್ ಹಕ್ಕಿನ ಚೌಕಕ್ಕೆ ಟಿಕ್ ಹಾಕಿದರೆ ಸಾಕು. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎಸ್‌ಎಫ್‌ಸಿ, ಒಂದು ಸ್ಪೇಸ್, ಸ್ಲ್ಯಾಶ್, ಸ್ಕ್ಯಾನ್‌ನೌ.

ಸುಮಾರು ಕಾಲು ಗಂಟೆ ಓಡಿತು. ಕೆಟ್ಟ ಫೈಲ್‌ಗಳು ಸಿಕ್ಕಿವೆ, ಆದರೆ ಕೆಲವನ್ನು ಸರಿಪಡಿಸಲು ಆಗಲಿಲ್ಲ ಎಂದಿತು. ಮೂರು ಸಲ ಓಡಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಮೂರು ಸಲವೂ ಓಡಿಸಿದೆ. ಮೂರು ಸಲವೂ ಅದೇ ಉತ್ತರ.

ಕಾರಣ ಸುಲಭವಾಗಿದೆ. ಎಸ್‌ಎಫ್‌ಸಿ ಮಾಡುವುದು ಮೂಲಪ್ರತಿ ಪಕ್ಕದಲ್ಲಿಟ್ಟುಕೊಂಡು ನಕಲನ್ನು ತಿದ್ದುವ ಕೆಲಸ. ಆ ಮೂಲಪ್ರತಿ ಇರುವುದು ವಿಂಡೋಸ್ ಫೋಲ್ಡರ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ಎಂಬ ಉಗ್ರಾಣದಲ್ಲಿ. ಅಪ್‌ಡೇಟ್ ಕೂಡ ಹೊಸ ಫೈಲ್ ತಂದು ಇಡುವುದು ಅಲ್ಲೇ. ಅರ್ಧದಲ್ಲಿ ನಿಂತ ಅಪ್‌ಡೇಟ್ ಮೂಲಪ್ರತಿಯನ್ನೇ ಕೆಡಿಸಿದ್ದರೆ ಎಸ್‌ಎಫ್‌ಸಿ ಯಾವುದನ್ನು ನೋಡಿ ತಿದ್ದಬೇಕು? ಹತ್ತು ಸಲ ಓಡಿಸಿದರೂ ಅಷ್ಟೇ ಅಲ್ವಾ?

ಆ ಉಗ್ರಾಣವನ್ನೇ ರಿಪೇರಿ ಮಾಡುವುದು ಡಿಸ್ಮ್ (dism) ಎಂಬ ಇನ್ನೊಂದು ಕಮಾಂಡ್. ಅಪ್‌ಡೇಟ್ ನಂತರದ ತೊಂದರೆಯಲ್ಲಿ ಇದೇ ಮೊದಲು, ಎಸ್‌ಎಫ್‌ಸಿ ಆಮೇಲೆ. ನಾನು ತಿರುಗುಮುರುಗು ಮಾಡಿ ಮುಕ್ಕಾಲು ಗಂಟೆ ಕಳೆದುಕೊಂಡೆ. ಇದರಲ್ಲಿ ಮೂರು ಆಯ್ಕೆ ಇವೆ. ಚೆಕ್‌ಹೆಲ್ತ್ ಕ್ಷಣದಲ್ಲಿ ಮುಗಿಯುತ್ತದೆ, ಏಕೆಂದರೆ ಅದು ಈಗಾಗಲೇ ದಾಖಲಾದ ದೋಷವನ್ನು ಮಾತ್ರ ಹೇಳುತ್ತದೆ. ಸ್ಕ್ಯಾನ್‌ಹೆಲ್ತ್ ಹುಡುಕುತ್ತದೆ, ರಿಪೇರಿ ಮಾಡುವುದಿಲ್ಲ. ನಮಗೆ ಬೇಕಾದದ್ದು ರಿಸ್ಟೋರ್‌ಹೆಲ್ತ್. ಕಮಾಂಡ್ ಹೀಗೆ, ಇದೂ ಇಂಗ್ಲಿಷ್ ಅಕ್ಷರದಲ್ಲೇ: ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್.

ಶೇ. 62.3ಕ್ಕೆ ಬಂದು ನಿಂತುಬಿಟ್ಟಿತು. ಇಲ್ಲಿ ತುಂಬಾ ಜನ ಕಿಟಕಿ ಮುಚ್ಚಿಬಿಡುತ್ತಾರೆ. ದಯವಿಟ್ಟು ಮುಚ್ಚಬೇಡಿ, ಒಳಗೆ ಕೆಲಸ ನಡೆಯುತ್ತಿರುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಮುಂದೆ ಹೋಯಿತು, ಆದರೆ ಕೊನೆಗೆ ಮೂಲ ಫೈಲ್ ಸಿಗಲಿಲ್ಲ ಎಂದು ಸೋತಿತು. ಡಿಸ್ಮ್ ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್‌ನಿಂದಲೇ ಒಳ್ಳೆಯ ಪ್ರತಿ ತರಿಸಿಕೊಳ್ಳುತ್ತದೆ. ನನ್ನಲ್ಲಿ ಅಪ್‌ಡೇಟ್ ವ್ಯವಸ್ಥೆಯೇ ಕೆಟ್ಟಿತ್ತು.

ಆಗ ಮೈಕ್ರೋಸಾಫ್ಟ್ ತಾಣದಿಂದ ಐಎಸ್‌ಒ ಫೈಲ್, ಅಂದರೆ ವಿಂಡೋಸ್ ಹಾಕಲು ಬೇಕಾದದ್ದೆಲ್ಲ ಒಟ್ಟಿಗಿರುವ ಫೈಲ್ ಇಳಿಸಿಕೊಂಡೆ. ಎರಡು ಸಲ ಕ್ಲಿಕ್ ಮಾಡಿದರೆ ಅದು ಒಂದು ಡ್ರೈವ್ ಥರ ತೆರೆದುಕೊಳ್ಳುತ್ತದೆ. ಒಳಗಿನ ಸೋರ್ಸಸ್ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಎಂಬ ದೊಡ್ಡ ಫೈಲ್ ಇರುತ್ತದೆ, ಡಬ್ಲ್ಯುಐಎಂ ಅಥವಾ ಇಎಸ್‌ಡಿ ರೂಪದಲ್ಲಿ. ಅದರಲ್ಲಿ ವಿಂಡೋಸ್ ಹೋಮ್‌ಗೆ ಒಂದು ಸಂಖ್ಯೆ, ಪ್ರೊಗೆ ಇನ್ನೊಂದು. ನಮ್ಮದು ಯಾವುದೋ ಆ ಸಂಖ್ಯೆಯನ್ನೇ ಕೊಡಬೇಕು, ಆವೃತ್ತಿಯೂ ಹೊಂದಬೇಕು. ಸೋರ್ಸ್ ಎಲ್ಲಿದೆ ಎಂದು ತೋರಿಸಿ, ಕೊನೆಗೆ ಲಿಮಿಟ್‌ಆ್ಯಕ್ಸೆಸ್ ಸೇರಿಸಿದರೆ ಡಿಸ್ಮ್ ಅಪ್‌ಡೇಟ್ ಕಡೆ ಹೋಗುವುದಿಲ್ಲ. ಈ ಸಲ ಗೆದ್ದಿತು. ಅದರ ಹಿಂದೆಯೇ ಎಸ್‌ಎಫ್‌ಸಿ ಓಡಿಸಿದೆ, ಉಳಿದ ಫೈಲ್‌ಗಳೂ ಸರಿಯಾದವು. ಸ್ಟಾರ್ಟ್ ಮೆನು ತೆರೆದಾಗ ಆದ ಖುಷಿ ಹೇಳತೀರದು.

ಆದರೆ ಅಪ್‌ಡೇಟ್ ಮಾತ್ರ ಹಾಕಿದಾಗಲೆಲ್ಲ ಅದೇ ಜಾಗದಲ್ಲಿ ಸೋತು ಹಿಂದಕ್ಕೆ ಬರುತ್ತಿತ್ತು. ಅಲ್ಲಿಗೆ ರಿಪೇರಿ ಇನ್‌ಸ್ಟಾಲ್‌ಗೆ, ಅಂದರೆ ಇರುವ ವಿಂಡೋಸ್ ಮೇಲೆಯೇ ಮತ್ತೆ ವಿಂಡೋಸ್ ಹಾಕುವ ದಾರಿಗೆ ಹೋದೆ. ಅದೇ ಐಎಸ್‌ಒ ತೆರೆದು ಸೆಟಪ್ ಓಡಿಸುವುದು, ಫೈಲ್ ಮತ್ತು ಆ್ಯಪ್ ಎರಡನ್ನೂ ಇಟ್ಟುಕೊಳ್ಳುವ ಆಯ್ಕೆ ಒತ್ತುವುದು, ಅಷ್ಟೇ. ವಿಂಡೋಸ್ ಎದ್ದು ನಿಂತಿರುವಾಗ ಒಳಗಿನಿಂದಲೇ ಇದನ್ನು ಮಾಡಬೇಕು. ಯುಎಸ್‌ಬಿಯಿಂದ ಬೂಟ್ ಮಾಡಿದರೆ ಆ್ಯಪ್‌ಗಳು ಉಳಿಯುವುದಿಲ್ಲ. ಭಾಷೆಯೂ ಹೊಂದಬೇಕು, ಇಲ್ಲದಿದ್ದರೆ ಆ ಆಯ್ಕೆಯೇ ಸಿಗುವುದಿಲ್ಲ. ಸಿ ಡ್ರೈವ್‌ನಲ್ಲಿ 25 ಜಿಬಿ ಖಾಲಿ ಮಾಡಿಕೊಂಡು ಶುರುಮಾಡಿದೆ, ಒಂದೂವರೆ ಗಂಟೆ ಹಿಡಿಯಿತು. ಎಲ್ಲವೂ ಸರಿಹೋಯಿತು, ಒಂದು ಆ್ಯಪ್ ಕೂಡ ಕಳೆಯಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ. ಡಿಸ್ಮ್ ಒಂದು ಸಲ, ಎಸ್‌ಎಫ್‌ಸಿ ಒಂದು ಸಲ. ಆಗಲಿಲ್ಲವೋ, ಸೋರ್ಸ್, ಸಂಖ್ಯೆ ಅಂತ ಸುಮ್ನೆ ಒದ್ದಾಡದೆ ರಿಪೇರಿ ಇನ್‌ಸ್ಟಾಲ್ ಮಾಡಿ. ಕಮಾಂಡ್‌ಗಳ ಜೊತೆ ನಾನು ಕಳೆದ ಸಮಯ ಅದಕ್ಕಿಂತ ಜಾಸ್ತಿ.

ಸಿಸ್ಟಂ ಅನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸಿಸ್ಟಂ ರಿಸ್ಟೋರ್ ಇದಕ್ಕೆಲ್ಲ ಪೈಪೋಟಿ ಕೊಡಬಲ್ಲದು, ಮೊದಲೇ ಉಳಿಸಿಟ್ಟ ರಿಸ್ಟೋರ್ ಪಾಯಿಂಟ್ ಇದ್ದರೆ ಮಾತ್ರ. ನನ್ನಲ್ಲಿ ಸಿಸ್ಟಂ ಪ್ರೊಟೆಕ್ಷನ್ ಆಫ್ ಆಗಿತ್ತು, ಒಂದೂ ಇರಲಿಲ್ಲ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಇತ್ತು, ಇಪ್ಪತ್ತು ನಿಮಿಷದಲ್ಲಿ ಹಿಂದಿನ ವಾರದ ಸ್ಥಿತಿಗೆ ಮರಳಿತು. ಈಗಲೇ ಹೋಗಿ ನಿಮ್ಮದು ಆನ್ ಇದೆಯಾ ನೋಡಿ. ಅಪ್‌ಡೇಟ್ ಪೂರ್ತಿ ಆದ ಮೇಲೆ ಕಾಟ ಶುರುವಾಗಿದ್ದರೆ ಆ ಅಪ್‌ಡೇಟನ್ನೇ ತೆಗೆಯಬಹುದು. ದೊಡ್ಡ ಆವೃತ್ತಿಯಾದರೆ ಹಿಂದಕ್ಕೆ ಹೋಗಲು ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ.

ವಿಂಡೋಸ್ ಅನ್ನು ಮತ್ತೆ ಹೊಸದರಂತೆ ಮಾಡುವ ರೀಸೆಟ್ ಅನ್ನು ಕೊನೆಗೆ ಇಡಿ. ಫೈಲ್ ಇಟ್ಟುಕೊಳ್ಳುವ ಆಯ್ಕೆ ಕೊಟ್ಟರೂ ನಾವು ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಮಾಡಿದ್ದೆ, ಎಲ್ಲವನ್ನೂ ಮತ್ತೆ ಜೋಡಿಸಲು ಇಡೀ ದಿನ ಬೇಕಾಯಿತು. ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದನ್ನೂ ನೋಡಿದೆ. ಎಸ್‌ಎಫ್‌ಸಿ ಒಂದು ಸಲ ಸರಿಪಡಿಸಿತು. ಎರಡು ದಿನ ಬಿಟ್ಟು ಓಡಿಸಿದರೆ ಬೇರೆ ಫೈಲ್‌ಗಳು ಕೆಟ್ಟಿದ್ದವು. ರೀಸೆಟ್ ಆದ ಮೇಲೂ ಅದೇ ಕಥೆ. ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ (chkdsk) ಕಮಾಂಡನ್ನು ಸ್ಲ್ಯಾಶ್ ಆರ್ ಜೊತೆ ರಾತ್ರಿಯಿಡೀ ಓಡಿಸಿದಾಗ ಗೊತ್ತಾಯಿತು, ಹಾರ್ಡ್ ಡಿಸ್ಕ್‌ನಲ್ಲೇ ಕೆಟ್ಟ ಸೆಕ್ಟರ್‌ಗಳಿದ್ದವು. ಹೀಗೆ ಪ್ರತಿ ಸಲ ಹೊಸ ಫೈಲ್ ಕೆಡುತ್ತಿದ್ದರೆ ರಿಪೇರಿ ನಿಲ್ಲಿಸಿ, ಮೊದಲು ಡೇಟಾ ಹೊರಗೆ ತೆಗೆಯಿರಿ, ಆಮೇಲೆ ಡಿಸ್ಕ್ ಬದಲಾಯಿಸಿ.