ಸರ್ವರ್ ಕಾಯೋಕೆ ಮೂರು ದಾರಿ: ನನ್ನ ಕೋಡ್, ಎಚ್‌ಟಾಪ್ ಕೋಡ್, ಪಿಎಸ್‌ಯುಟಿಲ್

ಮೊದಲೇ ಹೇಳಿಬಿಡುತ್ತೇನೆ, ನಾನು ಪಿಎಸ್‌ಯುಟಿಲ್ (ಸಿಪಿಯು, ಮೆಮೊರಿ ಬಳಕೆ ಓದಿಕೊಡುವ ಪೈಥಾನ್ ಲೈಬ್ರರಿ) ಕಡೆಯವನು. ನನಗೆ ಒಂದು ವಾರ ಟೋಪಿ ಹಾಕಿದ್ದೂ ಅದೇ.

ನನ್ನ ಹತ್ತಿರ ಇರುವುದು ಬಾಡಿಗೆಯ ಎರಡು ಪುಟ್ಟ ಸರ್ವರ್, ತಲಾ 1 ಜಿಬಿ ಮೆಮೊರಿ. ನಿಮಿಷಕ್ಕೊಮ್ಮೆ ಸಿಪಿಯು, ಮೆಮೊರಿ ಎಷ್ಟಾಯಿತು ಅಂತ ಬರೆದಿಟ್ಟು ಗ್ರಾಫ್ ನೋಡಿದರೆ ಸಾಕಿತ್ತು. ಇಷ್ಟಕ್ಕೆ ಪ್ರೊಮಿಥಿಯಸ್‌ನಂಥ ದೊಡ್ಡ ಮಾನಿಟರಿಂಗ್ ವ್ಯವಸ್ಥೆ ತಂದು ಕೂರಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಮೊದಲು ನಾನೇ ಬರೆದೆ. ಲಿನಕ್ಸ್‌ನ ಪ್ರಾಕ್ ಡೈರೆಕ್ಟರಿಯಲ್ಲಿ ಸ್ಟ್ಯಾಟ್ ಅನ್ನುವ ಫೈಲ್ ಇದೆ, ಸಿಪಿಯು ಲೆಕ್ಕವೆಲ್ಲ ಅಲ್ಲೇ. ಹತ್ತು ಸಾಲು ಪೈಥಾನ್, ಕೆಲಸ ಮುಗೀತು ಅಂದುಕೊಂಡೆ. ಗ್ರಾಫ್ 6%ಗೆ ಅಂಟಿಕೊಂಡು ಕೂತಿತು, ಬ್ಯಾಕಪ್ ಓಡುವಾಗಲೂ ಅಲುಗಲಿಲ್ಲ. ಆಮೇಲೆ ಗೊತ್ತಾಯಿತು: ಅಲ್ಲಿರುವುದು ಬೂಟ್ ಆದಾಗಿನಿಂದ ಕೂಡುತ್ತಾ ಬಂದ ಮೊತ್ತ. ಮನೆಯ ಕರೆಂಟ್ ಮೀಟರ್ ಥರ. ಈ ತಿಂಗಳದ್ದು ಬೇಕಾದರೆ ಹಿಂದಿನ ರೀಡಿಂಗ್ ಕಳೆಯಬೇಕು ಅಲ್ವಾ? ನಾನು ಕಳೆದೇ ಇರಲಿಲ್ಲ.

ಆಮೇಲೆ ಎಚ್‌ಟಾಪ್‌ನ (ಟರ್ಮಿನಲ್‌ನಲ್ಲಿ ಸಿಪಿಯು, ಮೆಮೊರಿ ಬಳಕೆ ತೋರಿಸುವ ಪ್ರೋಗ್ರಾಂ) ಸಿ ಕೋಡ್ ತೆರೆದೆ. ಓದಲು ಚೆಂದ. ಗೆಸ್ಟ್ ಸಮಯ (ವರ್ಚುವಲ್ ಯಂತ್ರಗಳಿಗೆ ಹೋದ ಸಿಪಿಯು ಸಮಯ) ಯೂಸರ್ ಸಮಯದೊಳಗೇ (ಸಾಮಾನ್ಯ ಪ್ರೋಗ್ರಾಂಗಳಿಗೆ ಹೋದದ್ದು) ಸೇರಿರುತ್ತದೆ, ಅದನ್ನು ಕಳೆಯದಿದ್ದರೆ ಎರಡೆರಡು ಸಲ ಲೆಕ್ಕವಾಗುತ್ತದೆ ಅನ್ನುವುದನ್ನು ಕಲಿತದ್ದೇ ಅಲ್ಲಿ. ಆದರೆ ಅದರ ಲೈಸೆನ್ಸ್ ಜಿಪಿಎಲ್. ಆ ಕೋಡನ್ನು ಸೇರಿಸಿದ ಪ್ರೋಗ್ರಾಂ ಬೇರೆಯವರಿಗೆ ಕೊಟ್ಟರೆ ನನ್ನ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ನಾನು ಕೆಲಸ ಮಾಡಿಕೊಡುವವರು ಅದಕ್ಕೆ ಒಪ್ಪುವವರಲ್ಲ. ಕೈಬಿಟ್ಟೆ.

ಪಿಎಸ್‌ಯುಟಿಲ್ ಬಿಎಸ್‌ಡಿ ಲೈಸೆನ್ಸಿನದು, ಕಾಪಿರೈಟ್ ಸಾಲುಗಳನ್ನು ಉಳಿಸಿಕೊಂಡರೆ ಆಯಿತು. ಡೆಬಿಯನ್ ಲಿನಕ್ಸ್‌ನಲ್ಲಿ ಅದರ ಪ್ಯಾಕೇಜ್ ಟೂಲ್ ಆಪ್ಟ್‌ನಿಂದಲೇ ಬರುತ್ತದೆ, ಕಂಪೈಲ್ ಮಾಡುವ ರಗಳೆ ಇಲ್ಲ.

ಇನ್ನು ಆ ಟೋಪಿ. ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಕ್ರಾನ್‌ಗೆ ಹಾಕಿ, ನಿಮಿಷಕ್ಕೊಮ್ಮೆ ಸಿಪಿಯು ಪರ್ಸೆಂಟ್ ಫಂಕ್ಷನ್ ಕರೆದೆ. ಬಂದದ್ದು 0.0. ಮುಂದಿನ ನಿಮಿಷ 0.0. ವಾರವಿಡೀ ಸೊನ್ನೆ. ಸೈಟ್ ತೆವಳುತ್ತಿದೆ, ಗ್ರಾಫ್ ನೋಡಿದರೆ ಸರ್ವರ್ ಗೊರಕೆ ಹೊಡೆಯುತ್ತಿದೆ! ನಾನು ಸುಮ್ನೆ ಡೇಟಾಬೇಸನ್ನು ಬೈದುಕೊಂಡು ಕೂತೆ.

ತಪ್ಪು ನನ್ನದೇ. ಎಷ್ಟು ಸೆಕೆಂಡ್ ಕಾಯಬೇಕು ಅಂತ ಹೇಳದಿದ್ದರೆ ಆ ಫಂಕ್ಷನ್ ಹಿಂದಿನ ಸಲದ ರೀಡಿಂಗ್ ಜೊತೆ ಹೋಲಿಸಿ ಉತ್ತರ ಕೊಡುತ್ತದೆ. ಮೊದಲ ಸಲ ಬರುವ 0.0ಗೆ ಅರ್ಥವಿಲ್ಲ, ಬಿಟ್ಟುಬಿಡಿ ಅಂತ ಅದರ ಕೈಪಿಡಿಯಲ್ಲೇ ಬರೆದಿದೆ. ಕ್ರಾನ್‌ನಲ್ಲಿ ಪ್ರತಿ ನಿಮಿಷವೂ ಹೊಸ ಪ್ರೋಸೆಸ್, ಪ್ರತಿ ಸಲವೂ ಮೊದಲ ಸಲವೇ. ತಿಂಗಳಿಗೊಬ್ಬ ಹೊಸ ಮೀಟರ್ ರೀಡರ್ ಬಂದು, ಹಳೆಯ ರೀಡಿಂಗ್ ಗೊತ್ತಿಲ್ಲದೆ ಸೊನ್ನೆ ಬಿಲ್ ಹರಿದುಕೊಟ್ಟ ಹಾಗೆ. ಇಂಟರ್ವಲ್ 1 ಅಂತ ಕೊಟ್ಟೆ. ಒಂದು ಸೆಕೆಂಡ್ ನಿಂತು, ಎರಡು ಸಲ ಓದಿ, ನಿಜವಾದ ಸಂಖ್ಯೆ ಕೊಟ್ಟಿತು: 94%.

ನೀವು ಸಿ ಬರೆಯುವವರು, ಜಿಪಿಎಲ್ ತೊಂದರೆ ಇಲ್ಲ ಅಂದರೆ ಎಚ್‌ಟಾಪ್ ಕೋಡೇ ಜಾಸ್ತಿ ಕಲಿಸುತ್ತದೆ. ನನಗೆ ಪೈಥಾನ್ ಅಭ್ಯಾಸ, ಕೈಯಲ್ಲಿ ಸಮಯವೂ ಕಮ್ಮಿ.

ಒಂದು ಕಡೆ ಮಾತ್ರ ಪಿಎಸ್‌ಯುಟಿಲ್ ನಂಬುವುದಿಲ್ಲ. ಪ್ರೋಗ್ರಾಂಗಳನ್ನು ಬೇರೆ ಬೇರೆ ಕಂಟೇನರ್‌ನಲ್ಲಿಟ್ಟು ಓಡಿಸುವ ಡಾಕರ್ ಒಳಗೆ ಓಡಿಸಿದರೆ ಕಂಟೇನರ್‌ನ ಮಿತಿ ಬಿಟ್ಟು ಇಡೀ ಯಂತ್ರದ ಮೆಮೊರಿ ತೋರಿಸುತ್ತದೆ. ಅಲ್ಲಿ ಆ ಮಿತಿ ಬರೆದಿರುವ ಲಿನಕ್ಸ್‌ನ ಸಿಗ್ರೂಪ್ ಫೈಲುಗಳನ್ನು ಈಗಲೂ ನಾನೇ ಓದುತ್ತೇನೆ, ಅದೇ ಹಳೆಯ ಹತ್ತು ಸಾಲಿನ ಕೋಡ್ ತಿದ್ದಿಕೊಂಡು.